ಮಳೆಗಾಲದಲ್ಲಿ ಸೋಲಾರ್ ಕೈ ಕೊಡ್ತದೆ, ಡೀಸೆಲ್ ಖರ್ಚು ತಡೆಯೂಕೆ ಆಗ್ತಿಲ್ಲ

ಹಳ್ಳದಂಚು:
ಸೂಪಾ, ಕದ್ರಾ, ಕೈಗಾ ಅಂತ ಕರೆಂಟ್ ಮಾಡೋ ಜಾಗ ಎಲ್ಲ ನಮ್ಮ ಜಿಲ್ಲೆಲೇ ಇದ್ರೂ ನಮ್ಮ ಕೇರಿಗೆ ಲೈನ್ ಮುಟ್ಟಿಲ್ಲ ಮಾರಾಯ್ರೇ. ಸಿರ್ಸಿ ಕಡೆ ಘಟ್ಟದಂಚು, ಆರು ಮನೆ. ಎಲ್ರೂ ಸೇರಿ 5 ಕಿಲೋವ್ಯಾಟ್ ಸೋಲಾರ್, 12 ವೋಲ್ಟಿನ 200 ಎಎಚ್ ಆಸಿಡ್ ಬ್ಯಾಟರಿ ನಾಲ್ಕು, ಒಂದು ಡೀಸೆಲ್ ಜನರೇಟರ್ ಇಟ್ಕೊಂಡಿದೀವಿ. ಬೇಸಿಗೆಲಿ ಚಿಂತೆಯಿಲ್ಲ, ಜೂನ್ ಹಿಡಿತು ಅಂದ್ರೆ ಸೆಪ್ಟೆಂಬರ್ ತನಕ ಡೀಸೆಲ್ ಕ್ಯಾನ್ ಹೊತ್ತೇ ಸಾಕಾಗ್ತದೆ, 72 ಸಾವಿರದ ಬ್ಯಾಟರಿ ಎರಡೇ ವರ್ಷಕ್ಕೆ ಮಲಗ್ತು. ಮೇಲಿಂದ ಪಾಲಿನ ಜಗಳ. ಒಬ್ರ ಮನೆಲಿ ಎರಡು ಫ್ರಿಜ್, ಇನ್ನೊಂದು ಮನೆಲಿ ಅಜ್ಜ ಅಜ್ಜಿ ಇಬ್ರೇ, ಮೂರು ಬಲ್ಬು, ಖರ್ಚು ಮಾತ್ರ ಸಮಪಾಲು. ಇನ್ನೂ ನಾಲ್ಕು ಬ್ಯಾಟರಿ ಸೇರಿಸ್ಲಾ?

ಸಿರ್ಸಿ ವೈರ್‌ಮನ್:
ಬೇಡ. ತುಂಬೂಕೆ ಬಿಸಿಲೇ ಇಲ್ದಿದ್ರೆ ಎಂಟು ಇಟ್ಟು ಏನ್ ಮಾಡ್ತೀರಿ. ನಾಲ್ಕರಲ್ಲಿ ಹಿಡಿಯೋದು 9.6 ಯೂನಿಟ್, ಆಸಿಡ್ ಬ್ಯಾಟರಿನ ಅರ್ಧಕ್ಕಿಂತ ಕೆಳಗೆ ಇಳಿಸಬಾರ್ದು, ಅಂದ್ರೆ ದಿನಕ್ಕೆ 4.8. ಎರಡು ವರ್ಷಕ್ಕೆ 3500 ಯೂನಿಟ್, ನಿಮ್ಮ 72 ಸಾವಿರನ ಭಾಗಿಸಿ ನೋಡಿ, ಯೂನಿಟ್ಟಿಗೆ 20 ರೂಪಾಯಿ ಚಿಲ್ಲರೆ. ಬಿಸಿಲಿಗೆ ದುಡ್ಡಿಲ್ಲ ಅಂತ ರಾತ್ರಿಯಿಡೀ ಫ್ರಿಜ್ ಓಡಿಸಿದ್ರೆ ಈ ರೇಟು. ಪಂಪು, ಗ್ರೈಂಡರ್, ಅಡಿಕೆ ಸುಲಿಯೋ ಮಶಿನ್ ಎಲ್ಲ 10ರಿಂದ 3ರ ಒಳಗೆ ಮುಗಿಸಿ. ಜನರೇಟರನ್ನ ನಾಲ್ಕು ಬಲ್ಬಿಗೆ ಓಡಿಸ್ಬೇಡಿ, ಲೀಟರಿಗೆ ಮೂರು ಯೂನಿಟ್ ಬರೋದು ಸರಿಯಾಗಿ ಲೋಡ್ ಇದ್ದಾಗ ಮಾತ್ರ, 90 ರೂಪಾಯಿ ಹಿಡಿದ್ರೂ ಯೂನಿಟ್ಟಿಗೆ 30 ಆಯ್ತು.

ಅಬ್ಬಿನೀರು:
ಮಳೆಗಾಲದಲ್ಲಿ ಬಿಸಿಲು ಯಾಕೆ ಹುಡುಕ್ತೀರಿ, ಹಳ್ಳ ಇಲ್ವಾ? 20 ಮೀಟರ್ ಮೇಲಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಲ್ಲಿ ಇಳಿದ್ರೆ ನೀರಿನ ರಭಸಕ್ಕೆ ತಿರುಗೋ ಸಣ್ಣ ಪೆಲ್ಟನ್ ಚಕ್ರದಲ್ಲಿ ಅರ್ಧ ಪೋಲಾದ್ರೂ 1 ಕಿಲೋವ್ಯಾಟ್ ಹತ್ರ ಸಿಗ್ತದೆ, ಹಗಲು ರಾತ್ರಿ ಓಡಿ 24 ಯೂನಿಟ್, ನಿಮ್ಮ ಪ್ಯಾನೆಲ್ಲು ಒಳ್ಳೆ ಬಿಸಿಲಲ್ಲೂ 20ರ ಆಸುಪಾಸು ಅಷ್ಟೇ. ಉಳಿದ ಕರೆಂಟ್ ಎಲ್ಲಿಗಾದ್ರೂ ಹೋಗ್ಲೇಬೇಕು, ಇಲ್ದಿದ್ರೆ ಚಕ್ರ ಸ್ಪೀಡ್ ಏರಿ ವೋಲ್ಟೇಜ್ ಹಾರ್ತದೆ, ಅದಕ್ಕೆ ಉಳಿದದ್ದನ್ನ ಬೇರೆ ಕಡೆ ತಿರುಗಿಸೋ ಲೋಡ್ ಕಂಟ್ರೋಲರ್ ಹಾಕಿ, ನೀರು ಕಾಯಿಸೋ ಕಾಯಿಲನ್ನ ಬಚ್ಚಲ ಹಂಡೆಗೆ ಬಿಡಿ. ನಮ್ಮನೇಲಿ ಒಣ ಕಟ್ಟಿಗೆ ಚಿಂತೆ ಅರ್ಧ ಹೋಯ್ತು. ಕಷ್ಟ ಅಂದ್ರೆ, ರಾತ್ರಿ ಬಲ್ಬು ಮಂಕಾಯ್ತೋ, ಮೇಲೆ ಪೈಪಿನ ಬಾಯಿಯ ಜಾಳಿಗೆಗೆ ಎಲೆ ಕಚ್ಚಿದೆ ಅಂತ ಲೆಕ್ಕ, ಕೊಪ್ಪೆ ಹಾಕ್ಕೊಂಡು ಟಾರ್ಚ್ ಹಿಡ್ಕೊಂಡು ಹೋಗಿ ತೆಗೆದು ಬರೋ ಹೊತ್ತಿಗೆ ಕಾಲಿಗೆ ಹತ್ತು ಉಂಬಳ.

ಇಶಾಡು ಅಂಕೋಲಾ:
ಹಳ್ಳ ಜನವರಿಗೆ ಬತ್ತಿದ್ರೆ?

ಅಬ್ಬಿನೀರು:
ಆಗ ಬಿಸಿಲು ಬಂದಿರ್ತದಲ್ಲ.

ಇಶಾಡು ಅಂಕೋಲಾ:
ಹೌದ್ರಾ, ಅದೂ ಸರಿ. ಪಾಲಿನ ವಿಷಯಕ್ಕೆ ಮನೆಗೊಂದು ಸಬ್‌ಮೀಟರ್ ಕೂರ್ಸಿ. ಬ್ಯಾಟರಿ, ಪ್ಯಾನೆಲ್ಲಿಗೆ ತಿಂಗಳಿಗಿಷ್ಟು ಅಂತ ಸಮಪಾಲು, ಅದರ ಮೇಲೆ ಯೂನಿಟ್ ಲೆಕ್ಕ, ರಾತ್ರಿ ಯೂನಿಟ್ಟಿಗೆ ಜಾಸ್ತಿ ರೇಟು. ಬೆಳಿಗ್ಗೆ ಸಂಜೆ ರೀಡಿಂಗ್ ಬರೆಯೂಕೆ ಕೇರಿಯ ಶಾಲೆ ಹುಡುಗ್ರಿಗೆ ಹೇಳಿ.

ಹಳ್ಳದಂಚು:
ಬೆಳಿಗ್ಗೆ ಹೋಗಿ ಪೈಪಿಗೆ ಬಕೆಟ್ ಹಿಡಿದು ಅಳೆದೆ, 20 ಲೀಟರಿನದ್ದು ಎರಡೂವರೆ ಸೆಕೆಂಡಿಗೆ ತುಂಬ್ತು. ಎತ್ತರ ಇನ್ನೂ ಅಳಿಬೇಕು. ಹಂಡೆ ಸುದ್ದಿ ಕೇಳಿ ಅಮ್ಮ ಮೊದ್ಲು ಅದನ್ನೇ ಮಾಡು ಅಂತಿದಾಳೆ. ಎರಡು ಫ್ರಿಜ್ಜಿನವ್ರಿಗೆ ಮೀಟರ್ ವಿಷಯ ಮಾತ್ರ ಇನ್ನೂ ಹೇಳಿಲ್ಲ.