ಸೇವಂತಿಗೆ ಸೊಂಪಾಗಿದೆ, ಮೊಗ್ಗೇ ಇಲ್ಲ. ವರ್ಷವಿಡೀ ಹೂವಿರೋಕೆ ಏನು ಹಾಕಲಿ?

ಚಿಂತಾಮಣಿ ಅಂಗಳ:
ಮನೆ ಮುಂದೆ ಹತ್ತಡಿ ಪಾತಿ ಇದೆ. ಕೆಂಪು ಮಣ್ಣು, ಬೋರ್‌ವೆಲ್ ನೀರು. ಯಾವ ಕಾಲದಲ್ಲೂ ಪಾತಿ ಬೋಳಾಗಿರಬಾರದು ಅಂತ ಆಸೆ. ಜೂನ್‌ನಲ್ಲಿ ಹಳದಿ ಸೇವಂತಿಗೆ ನೆಟ್ಟೆ. ಮೊಣಕಾಲೆತ್ತರ ಪೊದೆಯಾಗಿದೆ, ಎಲೆ ಕಡು ಹಸಿರು, ಹುಳ ಇಲ್ಲ. ದೀಪಾವಳಿ ಕಳೆದರೂ ಮೊಗ್ಗಿಲ್ಲ. ತುಳಸಿಕಟ್ಟೆ ಹಿಂದಿನ ಎರಡು ಗಿಡ ಮಾತ್ರ ಮೈತುಂಬ ಹೂ ಬಿಟ್ಟಿವೆ. ಗೊಬ್ಬರ ಎಲ್ಲಕ್ಕೂ ಒಂದೇ. ಇನ್ನು ಏಪ್ರಿಲ್, ಮೇ ಬಂದರೆ ಪಾತಿಯಲ್ಲಿ ಏನೂ ಇರಲ್ಲ.

ಮಾಲೂರು ಹೂಗಿಡ:
ಯೂರಿಯಾ ಜಾಸ್ತಿಯಾಗಿದೆ ಅನ್ಸುತ್ತೆ. ನಿಲ್ಲಿಸಿ, ಪೊಟ್ಯಾಷ್ ಕೊಡಿ.

ಶಿಡ್ಲಘಟ್ಟ ತೋಟ:
ಯೂರಿಯಾ ಆಗಿದ್ದರೆ ಕಟ್ಟೆ ಹಿಂದಿನವೂ ಬಿಡ್ತಿರಲಿಲ್ಲ. ಗೇಟಿನ ಹತ್ತಿರ ಬೀದಿ ದೀಪ ಇದೆಯಾ?

ಚಿಂತಾಮಣಿ ಅಂಗಳ:
ಇದೆ ಸಾರ್. ಮಳೆಗಾಲದಲ್ಲಿ ಎಲ್‌ಇಡಿ ಹಾಕಿದರು, ರಾತ್ರಿ ಅಂಗಳದಲ್ಲಿ ಪೇಪರ್ ಓದಬಹುದು. ಈಗ ಹೋಗಿ ನೋಡಿದೆ, ಕಟ್ಟೆಯ ನೆರಳು ಸರಿಯಾಗಿ ಆ ಎರಡು ಗಿಡದ ಮೇಲೇ ಬೀಳ್ತಿದೆ!

ಶಿಡ್ಲಘಟ್ಟ ತೋಟ:
ಅದೇ ಕಾರಣ. ಸೇವಂತಿಗೆ ಮೊಗ್ಗು ಕಟ್ಟೋದು ಉದ್ದ ರಾತ್ರಿಗೆ, ಅದೂ ಕತ್ತಲೆ ನಡುವೆ ಮುರಿಯಬಾರದು. ಬೆಳಕು ಬಿದ್ದರೆ ಕುಡಿ ಎಲೆಯನ್ನೇ ಬಿಡ್ತಾ ಹೋಗುತ್ತೆ. ನಮ್ಮ ಕಡೆ ರೈತರು ಹೊಲದಲ್ಲಿ ಸಾಲಾಗಿ ಬಲ್ಬ್ ಉರಿಸೋದು ಇದಕ್ಕೇ: ಬೇಕಾದ ಹಬ್ಬದವರೆಗೆ ಮೊಗ್ಗು ತಡೆದು ಹಿಡಿಯೋಕೆ.

ಸಂಜೆಯಿಂದ ಬೆಳಗಿನವರೆಗೆ ದೀಪದ ಕಡೆ ಕಪ್ಪು ಟಾರ್ಪಾಲು ಪರದೆ ಕಟ್ಟಿ. ಗಿಡಕ್ಕೆ ಹೊದಿಸಬೇಡಿ, ಬೆಳಕು ತಡೆದರೆ ಸಾಕು. ಮೊಗ್ಗು ಬಣ್ಣ ತೋರೋವರೆಗೆ ಒಂದು ರಾತ್ರಿಯೂ ಬಿಡಬಾರದು. ಮೂರ್ನಾಲ್ಕು ವಾರದಲ್ಲಿ ಕುಡಿಯಲ್ಲಿ ಸಣ್ಣ ಗುಂಡಿಯಂಥ ಮೊಗ್ಗು ಕಾಣುತ್ತೆ. ಈಗ ಕುಡಿ ಚಿವುಟಬೇಡಿ, ಆ ಕೆಲಸ ಆಗಸ್ಟ್‌ಗೇ ಮುಗಿದಿರಬೇಕು. ಮುಂದಿನ ವರ್ಷ ಸೇವಂತಿಗೆ ಹಿತ್ತಲಿಗೆ ಹೋಗಲಿ.

ದೀಪದ ಕೆಳಗೆ ಕನಕಾಂಬರ, ದಾಸವಾಳ, ನಿತ್ಯಪುಷ್ಪ ಇಡಿ, ಅವಕ್ಕೆ ಈ ತಕರಾರಿಲ್ಲ. ಬೇಸಿಗೆಯ ಬಣ್ಣವೂ ಇವುಗಳದ್ದೇ. ಫೆಬ್ರವರಿಯಲ್ಲಿ ಜೀನಿಯಾ ಬಿತ್ತಿದರೆ ಏಪ್ರಿಲ್‌ಗೆ ಹೂ. ಸುಗಂಧರಾಜದ ಗೆಡ್ಡೆ ಬೇಸಿಗೆ ಕೊನೆಗೆ ನೆಟ್ಟರೆ ಮಳೆಗಾಲಕ್ಕೆ ಹೂವಿನ ಕಡ್ಡಿ ಬರುತ್ತೆ, ಪ್ರಜ್ವಲ್ ತಳಿ ಒಳ್ಳೇದು. ಜೂನ್‌ನಲ್ಲಿ ಕರ್ಣಕುಂಡಲ, ಆಸ್ಟರ್. ಆಸ್ಟರ್‌ಗೆ ಹೊಸ ಬೀಜವೇ ಬೇಕು, ಹಳೇದು ಮೊಳೆಯಲ್ಲ. ಚೆಂಡುಹೂವನ್ನು ಮಾತ್ರ ಒಟ್ಟಿಗೆ ಬಿತ್ತಬೇಡಿ. ತಿಂಗಳಿಗೊಂದು ಹಿಡಿ ಬಿತ್ತಿ, ಎರಡು ತಿಂಗಳಿಗೆ ಹೂ ಶುರುವಾಗುತ್ತೆ, ಒಂದು ಸರದಿ ಮುಗಿಯೋದರಲ್ಲಿ ಇನ್ನೊಂದು ತಯಾರಿರುತ್ತೆ. ಎಲ್ಲರೂ ತಪ್ಪೋದು ಇಲ್ಲೇ: ಗಿಡ ಹತ್ತು ಬಗೆ ತರ್ತಾರೆ, ಬಿತ್ತೋದು ಒಂದೇ ದಿನ.

ಕೋಲಾರ ಕೆಂಪುಮಣ್ಣು:
ಬೋರ್ ನೀರು ಗಡಸಾಗಿದ್ದರೆ ಕನಕಾಂಬರದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ. ಅದು ರೋಗವಲ್ಲ, ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ನಾಲ್ಕು ಹನಿ ನಿಂಬೆರಸ, ಸಂಜೆ ಹೊತ್ತು ಸಿಂಪಡಿಸಿ.

ಚಿಂತಾಮಣಿ ಅಂಗಳ:
ಟಾರ್ಪಾಲು ಇವತ್ತೇ ಕಟ್ಟಿಸ್ತೀನಿ. ಹಿತ್ತಲ ದುಂಡುಮಲ್ಲಿಗೆಯನ್ನ ಯಾವಾಗ ಸವರಲಿ?

ಶಿಡ್ಲಘಟ್ಟ ತೋಟ:
ನವೆಂಬರ್ ಕೊನೆಗೆ. ಅದಕ್ಕೆ ಮುಂಚೆ ಒಂದೆರಡು ವಾರ ನೀರು ನಿಲ್ಲಿಸಿ. ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕಟ್ಟಿ. ಮಾರ್ಚ್‌ಗೆ ಮೊಗ್ಗು ಕೀಳಬಹುದು.