ದೂರದ ಬೆಟ್ಟಕ್ಕೆ ಹೋಗೋ ಮುಂಚೆ ರೋಡು, ಟ್ರೇಲ್ ಹೇಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ:
ಮುಂದಿನ ವಾರ ಟ್ರೆಕ್ ಇದೆ, ಟ್ರೇಲ್ ಶುರುವಾಗೋ ಜಾಗಕ್ಕೆ ಬರೀ ಮಣ್ಣಿನ ರೋಡು, ಮ್ಯಾಪಲ್ಲಿ ಓಪನ್ ಅಂತಾನೇ ತೋರಿಸ್ತಿದೆ. ನಂಬಬಹುದಾ? ಮೇಲೆ ಹಿಮ ಇದ್ಯೋ ಇಲ್ವೋ ಅದೂ ಗೊತ್ತಿಲ್ಲ.

ಉತ್ತರ 1:
ಮ್ಯಾಪ್ ಒಂದನ್ನೇ ನಂಬ್ಬೇಡಿ, ಯಾರೂ ಓಡಾಡದ ರೋಡಲ್ಲಿ ಮಣ್ಣು ಕುಸಿದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು ಹೇಳಿ. ಆ ಭಾಗದ ಅರಣ್ಯ ಇಲಾಖೆ ಆಫೀಸಿಗೆ ಫೋನ್ ಮಾಡಿ, ಸುಮ್ನೆ "ರೋಡ್ ಓಪನ್ ಇದ್ಯಾ" ಅನ್ಬೇಡಿ, ಗೇಟ್ ತೆಗ್ದಿದ್ಯಾ, ಕೊನೇ ಸಲ ಯಾವ ಗಾಡಿ ಹೋಯ್ತು, ಸಣ್ಣ ಕಾರು ತಳ ತಾಗದೆ ಹೋಗುತ್ತಾ, ಹಳ್ಳಕ್ಕೆ ಸೇತುವೆ ಇದ್ಯಾ ಅಂತ ಬಿಡಿಸಿ ಕೇಳಿ.

ಉತ್ತರ 2:
ಹಿಮಕ್ಕೆ ಸೆಂಟಿನೆಲ್-2 ಸ್ಯಾಟಲೈಟ್ ಫೋಟೋ ನೋಡಿ, ಫ್ರೀ, ಸುಮಾರು 5 ದಿನಕ್ಕೊಮ್ಮೆ ಹೊಸದು ಬರುತ್ತೆ, ಮೋಡ ಇದ್ರೆ ಮಾತ್ರ ಕಷ್ಟ. ಒಂದು ಪಿಕ್ಸೆಲ್ ಅಂದ್ರೆ 10 ಮೀಟರ್, ಹಾಗಾಗಿ ಬಿದ್ದ ಮರ ಕಾಣಲ್ಲ, ಮರದ ಕೆಳಗಿನ ಹಿಮಾನೂ ಕಾಣಲ್ಲ. ಬಿಸಿಲು ಬೀಳದ ಇಳಿಜಾರಲ್ಲಿ ಹಿಮ ತುಂಬಾ ದಿನ ಉಳಿಯುತ್ತೆ, ನಿಮ್ಮ ದಾರಿ ಆ ಕಡೆ ದಾಟುತ್ತಾ ನೋಡ್ಕೊಳ್ಳಿ.

ಉತ್ತರ 3:
ಹೋಗಿಬಂದವರು ಬರೆದಿದ್ದನ್ನ ಓದುವಾಗ ಡೇಟ್ ನೋಡಿ ದಯವಿಟ್ಟು, ಆಮೇಲೆ ಜೋರು ಮಳೆ ಬಂದಿದ್ರೆ ಅದು ಲೆಕ್ಕಕ್ಕಿಲ್ಲ. ಹಿಮ ಕರಗಿ ಬರೋ ಹೊಳೆ ದಾಟೋದಿದ್ರೆ ಬೆಳಿಗ್ಗೆ ಬೇಗ ದಾಟಿ, ಮಧ್ಯಾಹ್ನದ ಮೇಲೆ ನೀರು ಏರುತ್ತೆ. ವಾಪಸ್ ಬರೋದೂ ಅದೇ ಹೊಳೆ ದಾಟಿನೇನಾ?

ಪ್ರಶ್ನೆ ಕೇಳಿದವರು:
ಹೌದು, ಅದೇ ಹೊಳೆ, ಬರೋದು ಸಂಜೆ. ಹಾಗಾದ್ರೆ ಆ ದಡದಲ್ಲೇ ರಾತ್ರಿ ಉಳ್ಕೊಂಡು ಬೆಳಿಗ್ಗೆ ದಾಟೋ ಹಾಗೆ ಪ್ಲಾನ್ ಬದಲಾಯಿಸ್ತೀನಿ, ನಾಳೆ ಆಫೀಸಿಗೂ ಫೋನ್ ಮಾಡ್ತೀನಿ.