ಅಮ್ಮನಿಗೂ ತಮ್ಮನಿಗೂ ಒಸಿಡಿ. ನನ್ನ ಮಗಳಿಗೂ ಬರುತ್ತಾ?

ಸವಿತಾ, ಶಿವಮೊಗ್ಗ:

ನಮಸ್ಕಾರ. ಅಮ್ಮನಿಗೆ 64 ವರ್ಷ. ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಾಕಿ ತೊಳೆಯುತ್ತಾರೆ. ಕೈ ತೊಳೆದು ನಲ್ಲಿ ನಿಲ್ಲಿಸಬೇಕು, ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ಕೈ ತೊಳೆಯಬೇಕು. ಬೆಳಗಿನ ಹೊತ್ತೆಲ್ಲ ಬಚ್ಚಲಲ್ಲೇ ಹೋಗುತ್ತದೆ. ನಾವು ಅದನ್ನು ಮಡಿ ಅಂದುಕೊಂಡೇ ಬೆಳೆದೆವು. ಈಗ ತಮ್ಮನಿಗೆ ಒಸಿಡಿ ಅಂತ ಡಾಕ್ಟರ್ ಹೇಳಿದ್ದಾರೆ, ಬೇಡ ಅಂದರೂ ಅದೇ ಯೋಚನೆ ಬಂದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆಯಂತೆ. ಅವನು ಗ್ಯಾಸ್ ಆಫ್ ಮಾಡಿ ಫೋಟೋ ತೆಗೆದುಕೊಂಡು ಹೋದರೂ ಬಸ್ ಸ್ಟಾಂಡಿನಿಂದ ವಾಪಸ್ ಬರುತ್ತಾನೆ. ಸರ್ಟ್ರಾಲಿನ್ ಅನ್ನುವ ಮಾತ್ರೆ, 50 ಮಿಲಿಗ್ರಾಂ, ಕೊಟ್ಟಿದ್ದಾರೆ. ಇನ್ನೂ ತಿಂಗಳಾಗಿಲ್ಲ, ಆಗಲೇ "ಏನೂ ಆಗ್ತಿಲ್ಲ, ಬಿಟ್ಬಿಡ್ತೀನಿ" ಅನ್ನುತ್ತಿದ್ದಾನೆ.

ನನಗೆ ಭಯ ಇರುವುದು ಮಗಳ ಬಗ್ಗೆ. ಏಳನೇ ಕ್ಲಾಸು. ಒಂದಕ್ಷರ ಸೊಟ್ಟಗಾದರೆ ಪುಟ ಹರಿದುಹೋಗುವ ತನಕ ಅಳಿಸಿ ಅಳಿಸಿ ಬರೆಯುತ್ತಾಳೆ. ಇದು ರಕ್ತದಲ್ಲೇ ಬರುತ್ತಾ, ಅಜ್ಜಿಯನ್ನು ನೋಡಿ ಕಲಿತದ್ದಾ? ಅಜ್ಜಿ ಮನೆಗೆ ಕಳಿಸುವುದೇ ಬೇಡ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ಜೀನ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ?

ಮಂಜುನಾಥ, ದಾವಣಗೆರೆ:

ಅಕ್ಕ, ನಿಮ್ಮ ತಮ್ಮನ ಕಾಯಿಲೆಯೇ ನನಗೂ ಇದೆ. ನನ್ನದು ಹಾರ್ಡ್‌ವೇರ್ ಅಂಗಡಿ. ಷಟರ್ ಎಳೆದು, ಬೀಗ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದೆ. ಪಕ್ಕದ ಅಂಗಡಿಯವರ ಕಣ್ಣಿಗೆ ಬೀಳಬಾರದು ಅಂತ ಎಲ್ಲರೂ ಹೋಗುವ ತನಕ ಕಾಯುತ್ತಿದ್ದೆ.

ಅವನಿಗೆ ದಯವಿಟ್ಟು ಹೇಳಿ, ಈಗಲೇ ಮಾತ್ರೆ ಬಿಡಬೇಡ ಅಂತ. ಈ ಮಾತ್ರೆ ನಿಧಾನಕ್ಕೆ ಹಿಡಿಯುತ್ತದೆ. ಸರಿಯಾದ ಡೋಸಿನಲ್ಲಿ 8ರಿಂದ 12 ವಾರ ನೋಡದೆ "ಕೆಲಸ ಮಾಡಲಿಲ್ಲ" ಅನ್ನುವ ಹಾಗಿಲ್ಲ. ಖಿನ್ನತೆಗೆ ಸಾಕಾಗುವ ಡೋಸು ಒಸಿಡಿಗೆ ಬಹಳ ಸಲ ಸಾಲುವುದಿಲ್ಲ. ಸರ್ಟ್ರಾಲಿನ್ 200 ಮಿಲಿಗ್ರಾಂ ತನಕ ಹೋಗುವುದುಂಟು. ಡಾಕ್ಟರು ಏರಿಸಿದಾಗ "ನನಗೆ ಜಾಸ್ತಿ ಆಗಿಬಿಟ್ಟಿದೆ" ಅಂತ ಹೆದರುವುದು ಬೇಡ. ತಾನೇ ಏರಿಸುವುದೂ ಬೇಡ, ತಟ್ಟನೆ ನಿಲ್ಲಿಸುವುದೂ ಬೇಡ. ತಟ್ಟನೆ ನಿಲ್ಲಿಸಿದರೆ ತಲೆಸುತ್ತು ಬರಬಹುದು, ಕಾಯಿಲೆಯೂ ಮರಳಬಹುದು.

ನನಗೆ ಕೊನೆಗೆ ಹಿಡಿದದ್ದು ಕ್ಲೋಮಿಪ್ರಮಿನ್. ಹಳೇ ಮಾತ್ರೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಆಗಾಗ ಇಸಿಜಿ ಮಾಡಿಸಬೇಕು. ಆದರೂ ಈಗ ಒಂದೇ ಸಲ ಬೀಗ ಹಾಕಿ ಬಸ್ಸು ಹತ್ತುತ್ತೇನೆ. ಅನುಮಾನ ಇವತ್ತಿಗೂ ಬರುತ್ತದೆ. ಬಂದರೂ ವಾಪಸ್ ಹೋಗುವುದಿಲ್ಲ.

ಸೈಕಿಯಾಟ್ರಿ ಪಿಜಿ, ಬೆಂಗಳೂರು:

ಮೇಡಂ, ನಾನು ಮನೋವೈದ್ಯಶಾಸ್ತ್ರದಲ್ಲಿ ಪಿಜಿ ಓದುತ್ತಿರುವ ಡಾಕ್ಟರ್. ಮೊದಲು ಅಜ್ಜಿಯ ವಿಷಯ. ಮೊಮ್ಮಗಳನ್ನು ಅಜ್ಜಿಯಿಂದ ದೂರ ಮಾಡಬೇಡಿ. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಒಂದೇ ತಾಯಿ, ಬೇರೆ ತಂದೆಯ ಮಕ್ಕಳು ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಬೆಳೆಯುತ್ತಾರೆ ಅಲ್ವಾ? ಆದರೂ ಅವರಲ್ಲಿ ಒಬ್ಬರಿಗೆ ಒಸಿಡಿ ಇದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ, ಒಂದೇ ತಂದೆ-ತಾಯಿಯ ಮಕ್ಕಳಿಗಿಂತ ಕಡಿಮೆ ಇತ್ತು. ರಕ್ತಸಂಬಂಧ ದೂರವಾದಷ್ಟೂ ಸಾಧ್ಯತೆ ಇಳಿಯುತ್ತದೆ. ಅಂದರೆ ಮನೆಯಲ್ಲಿ ನೋಡಿ ಕಲಿಯುವುದರ ಪಾಲು ನಾವು ಅಂದುಕೊಂಡಷ್ಟಿಲ್ಲ.

ಅದೇ ಅಧ್ಯಯನ ಅನುವಂಶೀಯತೆಯ ಪಾಲು 47% ಅಂತ ಲೆಕ್ಕ ಹಾಕಿತು. ಹಾಗಂದರೆ ಮಗುವಿಗೆ ಬರುವ ಸಾಧ್ಯತೆ 47% ಅಂತಲ್ಲ. ಜನರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಅರ್ಧ ಜೀನ್‌ಗಳಿಂದ ಬರುತ್ತದೆ ಅಂತ ಅರ್ಥ. 2001ರಲ್ಲಿ ಹಲವು ಕುಟುಂಬ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಒಸಿಡಿ ಇರುವವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ 100ಕ್ಕೆ ಸುಮಾರು 8 ಜನರಿಗೆ ಒಸಿಡಿ ಕಂಡಿತ್ತು. ಬೇರೆಯವರಲ್ಲಿ 2. ಆ ಹತ್ತಿರದ ಸಾಲಿನಲ್ಲಿ ನಿಲ್ಲುವವರು ನೀವು. ನಿಮ್ಮ ಮಗಳು ಅಜ್ಜಿಯಿಂದಲೂ ಮಾವನಿಂದಲೂ ಇನ್ನೊಂದು ಹೆಜ್ಜೆ ದೂರ.

ಜೀನ್ ಟೆಸ್ಟಿಗೆ ದುಡ್ಡು ಹಾಕಬೇಡಿ. 2025ರಲ್ಲಿ 53,000ಕ್ಕೂ ಹೆಚ್ಚು ರೋಗಿಗಳ ಜೀನೋಮ್ (ಜೀನ್‌ಗಳ ಇಡೀ ನಕ್ಷೆ) ನೋಡಿದ ಅಧ್ಯಯನದಲ್ಲಿ ಒಸಿಡಿಗೆ ಸಂಬಂಧಿಸಿದ 30 ಜಾಗಗಳು ಸಿಕ್ಕವು. ಒಂದೊಂದರ ಪರಿಣಾಮವೂ ತೀರಾ ಚಿಕ್ಕದು. ಈ ಮಗುವಿಗೆ ಬರುತ್ತದೆ, ಆ ಮಗುವಿಗೆ ಇಲ್ಲ ಅಂತ ಹೇಳುವ ಟೆಸ್ಟ್ ಇವತ್ತು ಇಲ್ಲ.

ತಮ್ಮನಿಗೆ ಮಾತ್ರೆ ಜೊತೆ ಇಆರ್‌ಪಿ ಅನ್ನುವ ಚಿಕಿತ್ಸೆಯನ್ನೂ ಕೇಳಿ. ಭಯ ಹುಟ್ಟಿಸುವ ಸಂದರ್ಭದಲ್ಲಿ ಬೇಕಂತಲೇ ನಿಂತು, ಪರೀಕ್ಷಿಸದೆ ಇರುವ ಅಭ್ಯಾಸ ಅದು. ಇದನ್ನು ಸುಮ್ನೆ "ಮಾತಿನ ಚಿಕಿತ್ಸೆ" ಅಂತ ತಳ್ಳಿಹಾಕಬೇಡಿ. 1992ರಲ್ಲಿ ಲಾಸ್ ಏಂಜಲೀಸಿನಲ್ಲಿ ಕೆಲವರಿಗೆ ಫ್ಲೂಆಕ್ಸೆಟಿನ್ (ಸರ್ಟ್ರಾಲಿನ್ ಜಾತಿಯದೇ ಮಾತ್ರೆ), ಕೆಲವರಿಗೆ ಇಆರ್‌ಪಿ ರೀತಿಯ ವರ್ತನಾ ಚಿಕಿತ್ಸೆ ಕೊಟ್ಟು, ಮೆದುಳಿನ ಯಾವ ಭಾಗ ಎಷ್ಟು ಚುರುಕಾಗಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಗುಣ ಕಂಡವರಲ್ಲಿ, ಎರಡೂ ಗುಂಪಿನಲ್ಲಿ, ಮೆದುಳಿನ ಕಾಡೇಟ್ ಭಾಗದ ಅತಿಯಾದ ಚಟುವಟಿಕೆ ಇಳಿದಿತ್ತು. ಮಾತ್ರೆ, ಇಆರ್‌ಪಿ ಎರಡಕ್ಕೂ ಬಗ್ಗದಿದ್ದರೆ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಅನ್ನುವ ಬೇರೆ ಬಗೆಯ ಮಾತ್ರೆಯನ್ನು ಕಡಿಮೆ ಡೋಸಿನಲ್ಲಿ ಸೇರಿಸುತ್ತಾರೆ. ತಲೆಯ ಹೊರಗಿನಿಂದ ಕಾಂತಕ್ಷೇತ್ರ ಕೊಡುವ ಟಿಎಂಎಸ್ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಒಂದು ಬಗೆಗೆ 2018ರಲ್ಲಿ ಒಸಿಡಿಗಾಗಿ ಒಪ್ಪಿಗೆ ಕೊಟ್ಟಿತು. ನಿಮ್ಮ ತಮ್ಮ ಅಲ್ಲಿಂದ ತುಂಬಾ ದೂರ ಇದ್ದಾನೆ. ಇನ್ನೂ ಮೊದಲ ಮಾತ್ರೆಯ ಮೊದಲ ಡೋಸು.

ರೇಖಾ, ಮೈಸೂರು:

ನನ್ನ ಮಗನಿಗೂ ಇತ್ತು. ಪುಟ ಹರಿಯುತ್ತಿದ್ದದ್ದು ಓದಿ ಎದೆ ಝಲ್ ಅಂದಿತು. ಸವಿತಾ, ಮಗಳು "ಅಮ್ಮ ಸರಿ ಇದೆಯಾ" ಅಂತ ಮತ್ತೆ ಮತ್ತೆ ಕೇಳುತ್ತಾಳಾ? ನೀವು ಪ್ರತಿ ಸಲ "ಸರಿ ಇದೆ ಪುಟ್ಟಾ" ಅಂತೀರಾ? ಹಾಗೆ ಹೇಳಿದಷ್ಟೂ ಅದು ಬೆಳೆಯುತ್ತದೆ ಅಂತ ನಮ್ಮ ಥೆರಪಿಸ್ಟ್ ಹೇಳಿದರು. ಒಂದು ಸಲ ಉತ್ತರ ಕೊಟ್ಟು ಆಮೇಲೆ ಪ್ರೀತಿಯಿಂದಲೇ ಸುಮ್ಮನಿರುವುದನ್ನು ನಮಗೂ ಕಲಿಸಿದರು. ನಮ್ಮವನಿಗೆ ಮಾತ್ರೆ ಬೇಕಾಗಲಿಲ್ಲ, ಇಆರ್‌ಪಿ ಸಾಕಾಯಿತು.

ಸವಿತಾ, ಶಿವಮೊಗ್ಗ:

ಕೇಳುತ್ತಾಳೆ ರೇಖಾ ಅವರೇ, ರಾತ್ರಿ ಮಲಗುವ ತನಕ ಕೇಳುತ್ತಾಳೆ. ಅವಳನ್ನು ತೋರಿಸುತ್ತೇನೆ. ಯಜಮಾನರಿಗೂ ಇದೆಲ್ಲ ಓದಿಸಿದೆ. ಡಾಕ್ಟ್ರೇ, ಅಮ್ಮನಿಗೆ ಈ ವಯಸ್ಸಿನಲ್ಲಿ ಶುರು ಮಾಡಿದರೆ ಪ್ರಯೋಜನ ಇದೆಯಾ?

ಸೈಕಿಯಾಟ್ರಿ ಪಿಜಿ, ಬೆಂಗಳೂರು:

ಖಂಡಿತ ಇದೆ ಮೇಡಂ. ಅದೇ ಮಾತ್ರೆಗಳು. ಆ ವಯಸ್ಸಿನಲ್ಲಿ ಕಡಿಮೆ ಡೋಸಿನಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಹಾಗಾಗಿ ಪರೀಕ್ಷೆ ಮಾಡಿಸುತ್ತಿರಬೇಕು. ಬಿಪಿ, ಶುಗರ್ ಮಾತ್ರೆ ತಗೊಳ್ತಿದ್ದರೆ ಆ ಚೀಟಿಗಳನ್ನೂ ತಪ್ಪದೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ಬೆಂಗಳೂರಿಗೆ ಬರುವುದು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ತಮ್ಮನ ಮುಂದಿನ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಮಗ ಒಳಗೆ ಹೋಗುವುದನ್ನು ನೋಡಿದರೆ ಅವರೂ ಒಪ್ಪಬಹುದು.